ಸ್ಮರಣ ಸಂಚಿಕೆಗೆ ಪುಟ ಕಟ್ಟುವುದು: ಬರಹ ಕೈಸೇರಿದಲ್ಲಿಂದ ಪ್ರೆಸ್ಸಿಗೆ ಪಿಡಿಎಫ್ ಕೊಡುವವರೆಗೆ

ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲೇ ದೇವಸ್ಥಾನದ ಬ್ರಹ್ಮಕಲಶವಾಗಲಿ, ಶಾಲೆಯ ಶತಮಾನೋತ್ಸವವಾಗಲಿ, ಒಂದು ಸ್ಮರಣ ಸಂಚಿಕೆ ಇದ್ದದ್ದೇ. ಲೇಖನಗಳು ಕನ್ನಡದಲ್ಲಿ, ನಡುವೆ ಒಂದೆರಡು ತುಳು ಕವನ, ಹವ್ಯಕದಲ್ಲೊಂದು ಹರಟೆ, ಜನಪ್ರತಿನಿಧಿಗಳ ಸಂದೇಶ ಮಲಯಾಳದಲ್ಲಿ, ಜಾಹೀರಾತು ಮೂರೂ ಭಾಷೆಗಳಲ್ಲಿ. ಸಮಿತಿಯಲ್ಲಿ ಕಂಪ್ಯೂಟರ್ ಬಲ್ಲವರೊಬ್ಬರಿದ್ದರೆ ಪುಟ ಕಟ್ಟುವ ಕೆಲಸ ಅವರ ಪಾಲಿಗೆ. ಇಲ್ಲಿರುವುದು ಅಂಥವರಿಗೆ ಬೇಕಾದ ಮಾಹಿತಿ. ಪುಟವಿನ್ಯಾಸದ ತಾಪತ್ರಯಗಳಲ್ಲಿ ಹೆಚ್ಚಿನವು ಪುಟವಿನ್ಯಾಸದಲ್ಲಿ ಹುಟ್ಟುವುದೇ ಇಲ್ಲ. ಶುದ್ಧಮಾಡದ ಬರಹ ಮತ್ತು ಪ್ರೆಸ್ಸಿನವರನ್ನು ಕೇಳದೆ ಹಿಡಿದ ಅಳತೆ, ಇವೆರಡರಿಂದ ಬರುತ್ತವೆ. ಆದ್ದರಿಂದ ಮೊದಲು ಅವೆರಡು.

ಮೊದಲು ಪ್ರೆಸ್

ಸಾಫ್ಟ್‌ವೇರ್ ತೆರೆಯುವ ಮೊದಲು ಪ್ರೆಸ್ಸಿನಲ್ಲಿ ಐದು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ಕತ್ತರಿಸಿದ ಮೇಲೆ ಪುಟದ ಅಳತೆ ಮಿಲಿಮೀಟರಿನಲ್ಲಿ ಎಷ್ಟು, ಒಳಪುಟ ಒಂದೇ ಬಣ್ಣವೋ ನಾಲ್ಕೋ, ನಡುವೆ ಪಿನ್ ಹೊಡೆಯುವುದೋ ಅಂಟಿನ ಬೈಂಡಿಂಗೋ, ಕಾಗದ ಯಾವುದು, ಪಿಡಿಎಫನ್ನು ಅವರು ಯಾವ ಸಾಫ್ಟ್‌ವೇರಿನಲ್ಲಿ ತೆರೆಯುತ್ತಾರೆ. ‘ಕ್ರೌನ್ 1/4’ ಎಂದಷ್ಟೇ ಹೇಳಿದರೆ ಸಾಲದು. ಸುಮಾರು 18 × 24 ಸೆಂ.ಮೀ. ಎಂದು ಎಲ್ಲರೂ ಹೇಳಿದರೂ ಕತ್ತರಿಸುವಾಗ ಒಂದು ಪ್ರೆಸ್ಸಿಗೂ ಇನ್ನೊಂದಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಕೊನೆಯ ಪ್ರಶ್ನೆ ಏಕೆಂಬುದು ಪಿಡಿಎಫ್ ಮಾಡುವಾಗ ತಿಳಿಯುತ್ತದೆ.

ಪುಟಗಳನ್ನು ಹದಿನಾರರ ಲೆಕ್ಕದಲ್ಲಿ ಯೋಚಿಸಿ. ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟವೇ ಒಂದು ಫಾರಂ. 96 ಪುಟವೆಂದರೆ ಸರಿಯಾಗಿ ಆರು ಫಾರಂ. 100 ಪುಟವಾದರೆ ಉಳಿದ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಓಟ; ಪುಟದ ಲೆಕ್ಕದಲ್ಲಿ ಅದೇ ದುಬಾರಿ. ಜಾಹೀರಾತುಗಳಂತೂ ಕೊನೆಯ ವಾರದವರೆಗೂ ಬರುತ್ತಲೇ ಇರುತ್ತವೆ. ಅವನ್ನು ಲೇಖನಗಳ ನಡುವೆ ಹಂಚುವ ಬದಲು ಕೊನೆಯ ಒಂದು ಫಾರಂ ಅವಕ್ಕೆಂದೇ ಬಿಡಿ. ಮೊದಲ ಐದು ಫಾರಂ ಮುಗಿಸಿ ಕೊಟ್ಟರೆ ಮುದ್ರಣ ಶುರುವಾಗುತ್ತದೆ, ತಡವಾಗಿ ಬಂದವರು ಯಾರನ್ನೂ ಕಾಯಿಸುವುದಿಲ್ಲ. ಬಣ್ಣದ ಜಾಹೀರಾತುಗಳೂ ಒಂದೇ ಫಾರಮ್ಮಿನಲ್ಲಿ ಕೂತರೆ ನಾಲ್ಕು ಬಣ್ಣದ ಖರ್ಚು ಆ ಒಂದಕ್ಕೆ ಮಾತ್ರ.

ಯಾವ ಸಾಫ್ಟ್‌ವೇರ್?

ಹಳೆಯ ಪುಟವಿನ್ಯಾಸ ಸಾಫ್ಟ್‌ವೇರ್ ಪೇಜ್‌ಮೇಕರ್ ಬಿಟ್ಟುಬಿಡಿ. ಅದರ ಏಳನೆಯ ಆವೃತ್ತಿ 2001ರದ್ದು, ಅದಕ್ಕೆ ಯೂನಿಕೋಡ್ (ಇಂದಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ) ಕನ್ನಡ ಗೊತ್ತಿಲ್ಲ. ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ ಕೆಲಸ ಸಾಗುತ್ತದೆ ನಿಜ. ಆದರೆ ಫೋನಿನಲ್ಲಿ ಟೈಪು ಮಾಡಿ ಕಳಿಸಿದ ಪ್ರತಿಯೊಂದು ಲೇಖನವನ್ನೂ ಹಿಂದಕ್ಕೆ ಪರಿವರ್ತಿಸುತ್ತ ಕೂರಬೇಕು, ಮಲಯಾಳಕ್ಕೆ ಇನ್ನೊಂದು ಸಂಕೇತ ಹುಡುಕಬೇಕು.

ಉಳಿದದ್ದು ಎರಡು ದಾರಿ. ಇನ್‌ಡಿಸೈನ್ ಇದ್ದರೆ ಸಿಎಸ್6 ಅಥವಾ ಅದಕ್ಕಿಂತ ಈಚಿನದಿರಲಿ. ಯಾವುದೇ ಕಡತ ತೆರೆಯದೆ ಇರುವಾಗಲೇ ಪ್ಯಾರಾಗ್ರಾಫ್ ಸ್ಟೈಲ್‌ನ ಜಸ್ಟಿಫಿಕೇಶನ್ ವಿಭಾಗಕ್ಕೆ ಹೋಗಿ ಕಂಪೋಸರ್ ಎಂಬಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಹೀಗೆ ಮಾಡಿದರೆ ಮುಂದೆ ತೆರೆಯುವ ಎಲ್ಲ ಹೊಸ ಕಡತಗಳಿಗೂ ಅದೇ ಅನ್ವಯ. ಇದನ್ನು ಮಾಡದವರಿಗೇ ಒತ್ತಕ್ಷರಗಳು ಬಿಡಿಬಿಡಿಯಾಗಿ, ಹಲಂತ ಚಿಹ್ನೆ ಹೊತ್ತು ನಿಲ್ಲುವುದು. ಫಾಂಟಿನ ತಪ್ಪೆಂದು ಹತ್ತು ಫಾಂಟ್ ಬದಲಿಸಿದರೂ ಅದು ಸರಿಯಾಗುವುದಿಲ್ಲ.

ಹಣ ಕೊಡುವಂತಿಲ್ಲವಾದರೆ ಸ್ಕ್ರೈಬಸ್. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿ ಅಥವಾ ಅದರ ನಂತರದ್ದನ್ನೇ ಹಾಕಿ, 1.4ರ ಸಾಲಿನವು ಕನ್ನಡದ ಒತ್ತುಗಳನ್ನು ಜೋಡಿಸುವುದಿಲ್ಲ. ಉಚಿತದ್ದು ದೊಡ್ಡ ಕೆಲಸಕ್ಕೆ ಆದೀತೇ ಎಂದು ಸಮಿತಿಯವರು ಕೇಳಿದರೆ, ಮಲಯಾಳದ ಜನಯುಗಂ ದಿನಪತ್ರಿಕೆ 2019ರಲ್ಲೇ ಪೂರ್ತಿಯಾಗಿ ಸ್ಕ್ರೈಬಸ್‌ಗೆ ಬಂದದ್ದನ್ನು ಹೇಳಬಹುದು. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರುವುದರಿಂದ ಶಾಲಾ ಸಂಚಿಕೆಗೆ ಇದೇ ಅನುಕೂಲ. ಒಂದು ಎಚ್ಚರಿಕೆ: ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯದು. ಮನೆ, ಶಾಲೆ ಎರಡೂ ಕಡೆ ಕೆಲಸ ಮಾಡುವುದಾದರೆ ಎರಡೂ ಕಡೆ ಒಂದೇ ಆವೃತ್ತಿ ಇರಲಿ.

ಕೋರೆಲ್‌ಡ್ರಾದಲ್ಲಿ ಆಮಂತ್ರಣ ಪತ್ರಿಕೆ, ಬ್ಯಾನರ್ ಚೆನ್ನಾಗಿ ಆಗುತ್ತದೆ. 96 ಪುಟದ ಪುಸ್ತಕ ಅದರಲ್ಲಿ ಕಟ್ಟಲು ಹೊರಡುವುದು ಸುಮ್ಮನೆ ಒದ್ದಾಟ.

ಬರಹದ ಶುದ್ಧೀಕರಣ

ಹೆಚ್ಚು ಸಮಯ ಇಲ್ಲಿಗೇ ಕೊಡಿ. ಬಂದ ಪ್ರತಿಯೊಂದು ಲೇಖನವನ್ನೂ ಮೂಲ ರೂಪದಲ್ಲಿ ಒಂದು ಫೋಲ್ಡರಿನಲ್ಲಿ ಮುಟ್ಟದೆ ಇಡಿ, ಶುದ್ಧಮಾಡಿದ ಪ್ರತಿಗೆ ಇನ್ನೊಂದು ಫೋಲ್ಡರ್. ಕಡತದ ಹೆಸರು ಇಂಗ್ಲಿಷ್ ಅಕ್ಷರ, ಅಂಕೆಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರಲಿ.

ಲೇಖನ ತೆರೆದಾಗ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಗೀಟು-ಚುಕ್ಕೆ ಇರುವ ಸ್ವರಗಳೂ ಕಲಸಿಹೋದ ರಾಶಿ ಕಂಡರೆ ಅದು ಹಳೆಯ ಸಂಕೇತದ ಬರಹ. ನುಡಿಯದೋ ಶ್ರೀಲಿಪಿಯದೋ ಎಂದು ಮೊದಲು ತಿಳಿಯಬೇಕು. ಫಾಂಟಿನ ಹೆಸರು ನೋಡಿದರೆ ಗೊತ್ತಾಗುತ್ತದೆ. ಎರಡರ ಸಂಕೇತವೂ ಬೇರೆ, ಒಂದರ ಪರಿವರ್ತಕಕ್ಕೆ ಇನ್ನೊಂದರ ಬರಹ ಕೊಟ್ಟರೆ ಓದಲಾಗದ ಕನ್ನಡ ಹೊರಬರುತ್ತದೆ. ಪರಿವರ್ತಿಸುವ ಮೊದಲು ಲೇಖನದ ನಡುವಿನ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಪರಿವರ್ತಕಕ್ಕೆ ಅವು ಇಂಗ್ಲಿಷೆಂದು ತಿಳಿಯುವ ಉಪಾಯವಿಲ್ಲ, ಅವನ್ನೂ ಕನ್ನಡದ ಅಕ್ಷರವಾಗಿ ತಿರುಗಿಸಿಬಿಡುತ್ತದೆ. ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. ಸ್ಥಾನ ಬದಲಿಸುವಾಗ ಗುಣಿತವಿರುವ ಅಕ್ಷರಗಳಲ್ಲಿ ಪರಿವರ್ತಕ ಎಡವುತ್ತದೆ. ಹಳೆಯ ಮಲಯಾಳ ಬರಹಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ‘ಪಯ್ಯನ್ಸ್’ ಎಂಬ ಪರಿವರ್ತಕವಿದೆ.

ಯೂನಿಕೋಡಿನಲ್ಲೇ ಬಂದ ಬರಹವೂ ಶುದ್ಧವೆಂದು ನಂಬುವಂತಿಲ್ಲ. ಹುಡುಕಿ ಸರಿಪಡಿಸಬೇಕಾದವು ಇವು:

– ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕೆ (೦), ಅಂಕೆಯ ಜಾಗದಲ್ಲಿ ಅನುಸ್ವಾರ. ಕಣ್ಣಿಗೆ ಎರಡೂ ಒಂದೇ. ಆದರೆ ಸಾಲಿನ ಕೊನೆಯಲ್ಲಿ ಸೊನ್ನೆ ಅಂಕೆ ಪದದಿಂದ ಕಳಚಿಕೊಂಡು ಮುಂದಿನ ಸಾಲಿಗೆ ಹೋಗಬಹುದು, ಹುಡುಕಾಟದಲ್ಲಿ ಆ ಪದ ಸಿಗುವುದೂ ಇಲ್ಲ.

– ಎರಡೆರಡು ಖಾಲಿ ಜಾಗ, ಪೂರ್ಣವಿರಾಮದ ಮೊದಲಿನ ಖಾಲಿ ಜಾಗ, ಪ್ಯಾರಾದ ಆರಂಭಕ್ಕೆ ಸ್ಪೇಸ್ ಒತ್ತಿ ಮಾಡಿದ ಅಂತರ. ಎಲ್ಲ ತೆಗೆಯಿರಿ.

– ವಾಟ್ಸಾಪಿನಿಂದ ಬಂದ ನಕ್ಷತ್ರ ಚಿಹ್ನೆ, ಇಮೋಜಿ. ಧ್ವನಿಯಿಂದ ಟೈಪಾದ ಲೇಖನದಲ್ಲಿ ವಿರಾಮ ಚಿಹ್ನೆಗಳೇ ಇರುವುದಿಲ್ಲ. ಅದನ್ನು ಲೇಖಕರಿಗೇ ವಾಪಸು ಕಳಿಸುವುದು ಲೇಸು.

– ವ್ಯಂಜನಾಂತ್ಯ ಪದಕ್ಕೆ ಇನ್ನೊಂದು ಪದ ಅಂಟಿದಾಗ ಹುಟ್ಟುವ ಬೇಡದ ಒತ್ತು. ‘ಪ್ರೆಸ್‌ಗೆ’ ಎಂಬಲ್ಲಿ ಸಕಾರಕ್ಕೆ ಗಕಾರ ಒತ್ತಾಗಿ ಕೂರುವುದು ಇದೇ. ತುಳುವಿನಲ್ಲಿ ವ್ಯಂಜನಾಂತ್ಯ ರೂಪ ಹೆಚ್ಚು, ತುಳು ಪುಟಗಳಲ್ಲಿ ಇದನ್ನು ಇನ್ನೂ ಗಮನಿಸಿ. ಎರಡು ಅಕ್ಷರಗಳ ನಡುವೆ ಕರ್ಸರ್ ಇಟ್ಟು ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ 200ಸಿ ಎಂದು (ಸಿ ಇಂಗ್ಲಿಷ್ ಅಕ್ಷರ) ಒತ್ತಿ, ಕೂಡಲೇ ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಕಣ್ಣಿಗೆ ಕಾಣದ ತಡೆಯೊಂದು ಸೇರುತ್ತದೆ. ‘ರ‍್ಯಾಂಕ್’ ಸರಿಯಾಗಲು ಬೇಕಾದದ್ದು 200ಡಿ. ಅದು ರಕಾರವಾದ ಮೇಲೆ, ಹಲಂತಕ್ಕಿಂತ ಮೊದಲು ಬರಬೇಕು.

– ಅಂಕೆಗಳು. ಕನ್ನಡದವೋ ಇಂಗ್ಲಿಷಿನವೋ ಒಂದನ್ನು ನಿರ್ಧರಿಸಿ ಇಡೀ ಸಂಚಿಕೆಗೆ ಹಿಡಿಯಿರಿ. ಮಲಯಾಳದ ಪುಟಗಳಲ್ಲಿ ಇಂಗ್ಲಿಷ್ ಅಂಕೆಗಳೇ ಇರುವುದರಿಂದ ಕನ್ನಡದಲ್ಲೂ ಅವನ್ನೇ ಇಟ್ಟರೆ ಸಂಚಿಕೆ ಒಂದಾಗಿ ಕಾಣುತ್ತದೆ.

ಶುದ್ಧವಾದದ್ದನ್ನು ಸರಳ ಪಠ್ಯವಾಗಿ, ಯುಟಿಎಫ್-8 ಸಂಕೇತದಲ್ಲಿ ಉಳಿಸಿ. ದಪ್ಪ ಅಕ್ಷರ, ಬಣ್ಣ ಎಲ್ಲ ಕಳೆದುಹೋಗುತ್ತದೆ, ಹೋಗಲಿ; ವರ್ಡಿನಿಂದ ಬರುವ ಅಲಂಕಾರಗಳೇ ಮುಂದೆ ಸ್ಟೈಲುಗಳನ್ನು ಕೆಡಿಸುವುದು. ಸ್ಕ್ರೈಬಸ್‌ನಲ್ಲಿ ಪಠ್ಯ ತರುವ ಕಿಟಕಿಯಲ್ಲೇ ಸಂಕೇತ ಕೇಳುತ್ತದೆ, ಯುಟಿಎಫ್-8 ಎಂದೇ ಆರಿಸಿ.

ಪುಟದ ಚೌಕಟ್ಟು

18 × 24 ಸೆಂ.ಮೀ. ಪುಟಕ್ಕೆ ಲೆಕ್ಕ ಹೀಗೆ. ಹೊಸ ಕಡತ ತೆರೆಯುವಾಗ ಎದುರುಬದುರು ಪುಟ, ಮೊದಲ ಪುಟ ಬಲಗಡೆ. ಒಳ ಅಂಚು 20, ಹೊರ ಅಂಚು 16, ಮೇಲೆ 18, ಕೆಳಗೆ 24 ಮಿ.ಮೀ.; ಸುತ್ತ ಬ್ಲೀಡ್ (ಕತ್ತರಿಸುವಾಗ ಹೋಗಲೆಂದು ಪುಟದ ಅಳತೆಯ ಆಚೆ ಬಿಡುವ ಭಾಗ) 3 ಮಿ.ಮೀ. ಉಳಿದ 144 ಮಿ.ಮೀ. ಅಗಲದಲ್ಲಿ ನಡುವೆ 6 ಬಿಟ್ಟು ಎರಡು ಅಂಕಣ ಮಾಡಿದರೆ ಒಂದೊಂದಕ್ಕೆ 69. ಎತ್ತರ 198 ಮಿ.ಮೀ., ಅಂದರೆ 561 ಪಾಯಿಂಟ್. 16 ಪಾಯಿಂಟಿನ ಸಾಲು 35 ಹಿಡಿಯುತ್ತದೆ. ಅಂಟಿನ ಬೈಂಡಿಂಗಿನಲ್ಲಿ ಪುಸ್ತಕ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಒಳ ಅಂಚನ್ನು 20ಕ್ಕಿಂತ ಕಡಿಮೆ ಮಾಡಬೇಡಿ.

ಸಾಲಿನ ಅಂತರದಲ್ಲೇ ಹೊಸಬರು ಹೆಚ್ಚು ತಪ್ಪುವುದು. ತಾನಾಗಿ ಬರುವ ಅಂತರ ಅಕ್ಷರದ ಅಳತೆಯ 120 ಶೇಕಡಾ. 11 ಪಾಯಿಂಟಿಗೆ 13.2. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಒತ್ತು ಕೆಳಕ್ಕಿಳಿಯುತ್ತದೆ, ಗುಣಿತ ಮೇಲಕ್ಕೇರುತ್ತದೆ. ಮೇಲಿನ ಸಾಲಿನ ‘ಸ್ವಾತಂತ್ರ್ಯ’ದ ಒತ್ತುಗಳು ಕೆಳಗಿನ ಸಾಲಿನ ‘ಕೀರ್ತಿ’ಯ ತಲೆಗೆ ತಾಗುವುದು ಹಾಗೆ. 11ಕ್ಕೆ 16 ಇಡಿ. ಸ್ಕ್ರೈಬಸ್‌ನಲ್ಲಿ ಸಾಲಿನ ಅಂತರವನ್ನು ಸ್ವಯಂಚಾಲಿತದಿಂದ ಬದಲಿಸಿ ‘ಬೇಸ್‌ಲೈನ್ ಗ್ರಿಡ್‌ಗೆ ಹೊಂದಿಸು’ ಎಂದು ಮಾಡಿ, ಡಾಕ್ಯುಮೆಂಟ್ ಸೆಟಪ್‌ನಲ್ಲಿ ಗ್ರಿಡ್ಡಿಗೂ 16 ಪಾಯಿಂಟ್ ಕೊಡಿ. ಎರಡು ಅಂಕಣಗಳ ಸಾಲುಗಳು ಆಗ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ. ತೆಳುವಾದ ಕಾಗದದಲ್ಲಿ ಹಿಂದಿನ ಪುಟದ ಸಾಲು ಮುಂದಿನ ಸಾಲಿನ ಬೆನ್ನಿಗೇ ಬೀಳುವುದರಿಂದ ನೆರಳೂ ಕಡಿಮೆ.

ಫಾಂಟ್ ಆರಿಸುವಾಗ ಹೆಸರು ನೋಡಿ ಮರುಳಾಗಬೇಡಿ, ಒಂದು ಪರೀಕ್ಷೆಯ ಸಾಲು ಹಾಕಿ ನೋಡಿ: ಸ್ವಾತಂತ್ರ್ಯ, ವೈಶಿಷ್ಟ್ಯ, ಶಾಸ್ತ್ರೋಕ್ತ, ಲಕ್ಷ್ಮೀ, ಅರ್ಘ್ಯ, ರ‍್ಯಾಂಕ್, ಫ಼, ಜ಼, ಱ, ೞ, ಽ, ಆವರಣ ಚಿಹ್ನೆ, ರೂಪಾಯಿ ಚಿಹ್ನೆ. ಯಾವುದಾದರೂ ಚೌಕವಾಗಿಯೋ ಒಡೆದೋ ಕಂಡರೆ ಆ ಫಾಂಟ್ ಬೇಡ. ಒಳಪುಟಕ್ಕೆ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಅನೇಕ್ ಕನ್ನಡ, ಮಕ್ಕಳ ಪುಟಕ್ಕೆ ಬಾಲೂ ತಮ್ಮ ಹಾಕಬಹುದು, ಮೂರೂ ಉಚಿತ. ರೆಗ್ಯುಲರ್, ಬೋಲ್ಡ್ ಬೇರೆ ಬೇರೆ ಕಡತಗಳಾಗಿರುವ ಪ್ರತಿಯನ್ನೇ ಹಾಕಿಕೊಳ್ಳಿ. ಎಲ್ಲ ತೂಕವೂ ಒಂದೇ ಕಡತದಲ್ಲಿರುವ ವೇರಿಯಬಲ್ ಫಾಂಟ್ ತೊಡಕು ಮಾಡುತ್ತದೆ. ಓರೆ ಅಕ್ಷರ ಕನ್ನಡಕ್ಕೆ ಒಗ್ಗಿದ್ದಲ್ಲ. ಒತ್ತಿ ಹೇಳಬೇಕಾದಲ್ಲಿ ಬೋಲ್ಡ್ ಇಲ್ಲವೇ ಒಂಟಿ ಉದ್ಧರಣ ಚಿಹ್ನೆ ಸಾಕು. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವುದೂ ಬೇಡ, ಒತ್ತುಗಳು ತಮ್ಮ ಅಕ್ಷರದಿಂದ ದೂರ ಸರಿಯುತ್ತವೆ.

ಆಮೇಲೆ ಸ್ಟೈಲುಗಳು, ಅಂದರೆ ಒಂದು ಹೆಸರಿನಡಿ ಉಳಿಸಿಟ್ಟ ಫಾಂಟ್, ಅಳತೆ, ಅಂತರಗಳು. ಲೇಖನದ ತಲೆಬರಹ, ಲೇಖಕರ ಹೆಸರು, ಮೊದಲ ಪ್ಯಾರಾ (ಅಂಚಿನ ಅಂತರವಿಲ್ಲ), ಉಳಿದ ಪ್ಯಾರಾ (4 ಮಿ.ಮೀ. ಒಳಗೆ), ಪದ್ಯ, ಚಿತ್ರದ ಅಡಿಬರಹ, ಮಲಯಾಳ ಪ್ಯಾರಾ: ಇಷ್ಟು ಮಾಡಿದರೆ ಸಾಕು. ಅಕ್ಷರವನ್ನು ಆರಿಸಿ ಅಳತೆ ಬದಲಿಸುವ ಅಭ್ಯಾಸ ಈ ಹಂತಕ್ಕೇ ನಿಲ್ಲಬೇಕು. ಎರಡು ಪುಟ ಹೆಚ್ಚಾಯಿತು, 11 ಇದ್ದದ್ದನ್ನು 10.5 ಮಾಡೋಣ ಎಂದಾಗ ಸ್ಟೈಲಿನಲ್ಲಿ ಒಂದು ಸಲ ಬದಲಿಸಿದರೆ ಮುಗಿಯಿತು. ಯಕ್ಷಗಾನದ ಪದ್ಯ, ಕವನಗಳಲ್ಲಿ ಚರಣದೊಳಗಿನ ಸಾಲು ಮುರಿಯಲು ಶಿಫ್ಟ್ ಹಿಡಿದು ಎಂಟರ್ ಒತ್ತಿ; ಬರೀ ಎಂಟರ್ ಒತ್ತಿದರೆ ಪ್ರತಿ ಸಾಲೂ ಹೊಸ ಪ್ಯಾರಾ ಆಗುತ್ತದೆ.

69 ಮಿ.ಮೀ. ಅಂಕಣದಲ್ಲಿ ಎರಡೂ ಅಂಚು ಸಮ ಮಾಡಿದರೆ ‘ಪುನಃಪ್ರತಿಷ್ಠಾಬ್ರಹ್ಮಕಲಶೋತ್ಸವ’ದಂಥ ಪದ ಇಡಿಯಾಗಿ ಕೆಳಗಿನ ಸಾಲಿಗೆ ಹಾರಿ, ಮೇಲಿನ ಸಾಲಿನಲ್ಲಿ ಮೂರು ಪದ ಹಲ್ಲುದುರಿದ ಬಾಯಿಯಂತೆ ನಿಲ್ಲುತ್ತವೆ. ಇಂಥಲ್ಲಿ ಸಾಫ್ಟ್ ಹೈಫನ್ (ಸಾಲು ಮುರಿದಲ್ಲಿ ಮಾತ್ರ ಕಾಣುವ ಗೀಟು) ಹಾಕಿ, ಸಮಾಸದ ಸಂದಿನಲ್ಲಿ: ಪುನಃ, ಪ್ರತಿಷ್ಠಾ, ಬ್ರಹ್ಮ, ಕಲಶೋತ್ಸವ. ಮಾಮೂಲಿ ಹೈಫನ್ ಹಾಕಿದರೆ ಮುಂದೆ ಸಾಲು ಸರಿದಾಗ ಅದು ನಡುಸಾಲಿನಲ್ಲಿ ಉಳಿದುಬಿಡುತ್ತದೆ. 60 ಮಿ.ಮೀ.ಗಿಂತ ಕಿರಿದಾದ ಅಂಕಣಕ್ಕೆ ಎಡ ಅಂಚು ಮಾತ್ರ ಸಮವಿರಲಿ.

ಪುಟಸಂಖ್ಯೆ, ಮೇಲಿನ ಪಟ್ಟಿ ಎಲ್ಲ ಮಾಸ್ಟರ್ ಪುಟದಲ್ಲಿ (ಎಲ್ಲ ಪುಟಗಳಿಗೂ ಅಚ್ಚಾಗಿರುವ ಮಾದರಿ ಪುಟ). ಸ್ಕ್ರೈಬಸ್‌ನಲ್ಲಿ ಒಂದು ಲೇಖನಕ್ಕೆ ಒಂದು ಸರಪಳಿ (ಬರಹ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಜೋಡಿಸಿದ ಪಠ್ಯದ ಚೌಕಗಳು) ಮಾಡಿ; ಇಡೀ ಪುಸ್ತಕವನ್ನು ಒಂದೇ ಸರಪಳಿಯಲ್ಲಿ ಹರಿಸಿದರೆ ಪ್ರತಿ ತಿದ್ದುಪಡಿಗೂ ಯಂತ್ರ ನಿಧಾನವಾಗುತ್ತದೆ. ತಿದ್ದುವುದು ಸ್ಟೋರಿ ಎಡಿಟರಿನಲ್ಲಿ, ಕಂಟ್ರೋಲ್ ಹಿಡಿದು ಟಿ. ಮಳೆಗಾಲದ ಕರೆಂಟು ನಂಬುವಂತಿಲ್ಲವಾದ್ದರಿಂದ ತಾನಾಗಿ ಉಳಿಸುವ ಅವಧಿಯನ್ನು 5 ನಿಮಿಷಕ್ಕಿಳಿಸಿ.

ಮಲಯಾಳದ ಪುಟಗಳು

ಕನ್ನಡದ ಅಳತೆಯನ್ನೇ ಮಲಯಾಳಕ್ಕೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಒಂದು ಪ್ಯಾರಾ ಪಕ್ಕಪಕ್ಕ ಇಟ್ಟು ಮುದ್ರಿಸಿ ನೋಡಿ, ಮಲಯಾಳದ ಅಕ್ಷರ ಕನ್ನಡದಷ್ಟೇ ದೊಡ್ಡದಾಗಿ ಕಾಣುವವರೆಗೆ ಅರ್ಧರ್ಧ ಪಾಯಿಂಟ್ ಬದಲಿಸಿ. ಸಾಲಿನ ಅಂತರ 16 ಇರಲಿ. ರಚನಾ, ಮೀರಾದಂಥ ಹಳೆಯ ಲಿಪಿಯ ಫಾಂಟುಗಳಲ್ಲಿ ಸಂಯುಕ್ತಾಕ್ಷರ ಒಂದರ ಕೆಳಗೊಂದು ಇಳಿಯುತ್ತದೆ, ಅದಕ್ಕೂ ಈ ಅಂತರ ಬೇಕು. ಹಳೆಯ ಲಿಪಿಯೋ ಹೊಸದೋ, ಇಡೀ ಸಂಚಿಕೆಗೆ ಒಂದೇ.

ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದೆ ನಿಲ್ಲುವ ಮಲಯಾಳದ ವ್ಯಂಜನ ರೂಪಗಳು) ಎರಡು ಬಗೆಯ ಸಂಕೇತ ಚಾಲ್ತಿಯಲ್ಲಿದೆ: 2008ರಲ್ಲಿ ಯೂನಿಕೋಡ್ 5.1ರಲ್ಲಿ ಸೇರಿದ ಒಂಟಿ ಸಂಕೇತ, ಅದಕ್ಕೂ ಹಿಂದಿನ ಜೋಡಿಸಿ ಬರೆಯುವ ಕ್ರಮ. ಒಂದೇ ಲೇಖನದಲ್ಲಿ ಎರಡೂ ಬೆರೆತಿದ್ದರೆ ಹುಡುಕಿ ಬದಲಿಸುವ ಕೆಲಸ ಅರ್ಧಂಬರ್ಧ ಆಗುತ್ತದೆ, ಹೆಸರುಗಳನ್ನು ತಿದ್ದುವಾಗ ಇದನ್ನು ನೆನಪಿಡಿ. ಕರಡು ತಿದ್ದಲು ಮಲಯಾಳ ಓದಬಲ್ಲವರೇ ಬೇಕು. ನಿರರ್ಗಳ ಮಾತಾಡುವ ಎಷ್ಟೋ ಮಂದಿ ಕನ್ನಡ ಮಾಧ್ಯಮದಲ್ಲಿ ಓದಿದವರು, ಆ ಲಿಪಿಯಲ್ಲಿ ಅವರ ಕಣ್ಣು ತಪ್ಪು ಹಿಡಿಯುವುದಿಲ್ಲ.

ಚಿತ್ರ, ಬಣ್ಣ

ಲೆಕ್ಕ ಒಂದೇ: ಮಿಲಿಮೀಟರನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿ. ಒಂದು ಅಂಕಣದ ಚಿತ್ರಕ್ಕೆ 815 ಪಿಕ್ಸೆಲ್ ಅಗಲ ಬೇಕು, ಎರಡಂಕಣಕ್ಕೆ 1700. ಬ್ಲೀಡ್ ಸೇರಿ ಇಡೀ ಪುಟಕ್ಕೆ ಸುಮಾರು 2200 × 2900. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಕುಗ್ಗುತ್ತದೆ. ಎರಡಂಕಣಕ್ಕೆ ಹಾಗೂ ಹೀಗೂ ಆದೀತು, ಮುಖಪುಟಕ್ಕೆ ಖಂಡಿತ ಆಗದು. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಮೊದಲೇ ಹೇಳಿಡಿ. ಹಳೆಯ ಯಕ್ಷಗಾನ ಮೇಳದ, ಶಾಲಾ ಗುಂಪಿನ ಕಪ್ಪು-ಬಿಳುಪು ಫೋಟೋ ಸಿಕ್ಕರೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಅದರ ಫೋಟೋ ಹೊಡೆದರೆ ಗಾಜಿನ ಹೊಳಪೂ ಅದರಲ್ಲಿ ಸೇರುತ್ತದೆ.

ಒಂದೇ ಬಣ್ಣದ ಒಳಪುಟಕ್ಕೆ ಚಿತ್ರಗಳನ್ನೆಲ್ಲ ಮೊದಲೇ ಗ್ರೇಸ್ಕೇಲ್ ಮಾಡಿ. ಅಕ್ಷರ ಕಪ್ಪು ಶಾಯಿ 100 ಮಾತ್ರ ಆಗಿರಲಿ. ವರ್ಡಿನಿಂದ ಬಂದ ಕಪ್ಪು ಆರ್‌ಜಿಬಿ (ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕದ) ಕಪ್ಪು. ಅದು ಮುದ್ರಣದ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಗೆ ತಿರುಗುವಾಗ ನಾಲ್ಕೂ ಶಾಯಿಯಲ್ಲಿ ಹಂಚಿಹೋಗುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ಅಂಚು. ಇನ್‌ಡಿಸೈನಿನ ಸೆಪರೇಶನ್ಸ್ ಪ್ರಿವ್ಯೂನಲ್ಲಿ ಅಥವಾ ಸ್ಕ್ರೈಬಸ್‌ನ ಪ್ರಿಂಟ್ ಪ್ರಿವ್ಯೂನಲ್ಲಿ ಕಪ್ಪು ಶಾಯಿ ಮುಚ್ಚಿ ನೋಡಿದರೆ ಪುಟದಲ್ಲಿ ಅಕ್ಷರ ಉಳಿಯಬಾರದು.

ಮುಖಪುಟದ ಕುಂಕುಮದ ಕೆಂಪಿಗೆ ಮೆಜೆಂಟಾ 100, ಹಳದಿ 100. ಕೇಸರಿಗೆ ಮೆಜೆಂಟಾ 55, ಹಳದಿ 100. ಪರದೆಯ ಮೇಲಿನ ಹೊಳೆಯುವ ಕೇಸರಿ ಕಾಗದದಲ್ಲಿ ಬಾರದು, ಸಮಿತಿಯವರಿಗೆ ಮುದ್ರಿತ ಮಾದರಿಯನ್ನೇ ತೋರಿಸಿ. ಬಣ್ಣದ ಮೇಲೆ ಬಿಳಿ ಅಕ್ಷರವಾದರೆ 11 ಪಾಯಿಂಟ್ ಬೋಲ್ಡಿಗಿಂತ ಚಿಕ್ಕದು ಬೇಡ. ಶಾಯಿ ಹರಡಿ ಮೊದಲು ಮುಚ್ಚಿಹೋಗುವುದು ಒತ್ತಕ್ಷರ.

ಕರಡು ಮತ್ತು ಪಿಡಿಎಫ್

ಕರಡನ್ನು ನೂರು ಶೇಕಡಾ ಅಳತೆಯಲ್ಲಿ ಕಾಗದಕ್ಕಿಳಿಸಿ ತಿದ್ದಿ. ಲೇಖನಗಳಿಗಿಂತ ಹೆಚ್ಚು ಜಗಳ ತರುವುದು ಸಮಿತಿಯ ಹೆಸರುಗಳ ಪಟ್ಟಿ, ದೇಣಿಗೆಯ ಪಟ್ಟಿ. ಅವನ್ನು ಮೂಲ ಪುಸ್ತಕದೊಡನೆ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ಗುರುತು ಹಾಕಿ ನೋಡಬೇಕು. ಸೌರಮಾನ ತಿಂಗಳು, ಕೇರಳದ ಪಂಚಾಂಗದ ಕೊಲ್ಲವರ್ಷ, ಇಂಗ್ಲಿಷ್ ತಾರೀಕು ಮೂರೂ ಇರುವ ಕಡೆ ವಾರದೊಂದಿಗೆ ತಾಳೆ ಹಾಕಿ.

ಪಿಡಿಎಫ್ ಮಾಡುವಾಗ ಒಂದೊಂದೇ ಪುಟವಾಗಿ, ಬ್ಲೀಡ್ ಮತ್ತು ಕತ್ತರಿಸುವ ಗುರುತಿನೊಂದಿಗೆ ಕೊಡಿ. ಎದುರುಬದುರು ಜೋಡಿಸಿದ ಪುಟ ಬೇಡ, ಫಾರಮ್ಮಿನ ಜೋಡಣೆ ಪ್ರೆಸ್ಸಿನವರ ಕೆಲಸ. ಫಾಂಟುಗಳು ಒಳಗೇ ಸೇರಿರಲಿ. ಆದರೆ ಪ್ರೆಸ್ಸಿನವರು ಪಿಡಿಎಫನ್ನು ಕೋರೆಲ್‌ಡ್ರಾದಲ್ಲಿ ತೆರೆಯುವವರಾದರೆ ಅಷ್ಟು ಸಾಲದು. ಅಲ್ಲಿ ಅದು ಮತ್ತೆ ಅಕ್ಷರಗಳಾಗಿ ಬಿಡಿಸಿಕೊಳ್ಳುತ್ತದೆ, ಒತ್ತು ಗುಣಿತಗಳು ಚೆಲ್ಲಾಪಿಲ್ಲಿಯಾಗುತ್ತವೆ. ಮೊದಲ ದಿನವೇ ಕೇಳಿದ್ದು ಇದಕ್ಕೆ. ಅಂಥವರಿಗೆ ಸ್ಕ್ರೈಬಸ್‌ನ ಪಿಡಿಎಫ್ ಕಿಟಕಿಯ ಫಾಂಟ್ ವಿಭಾಗದಲ್ಲಿ ಎಲ್ಲ ಫಾಂಟನ್ನೂ ಔಟ್‌ಲೈನ್ ಮಾಡಿ (ಅಕ್ಷರವನ್ನು ಗೆರೆಗಳ ಚಿತ್ರವಾಗಿ ತಿರುಗಿಸಿ) ಕೊಡಿ. ಅದರಲ್ಲಿ ಮುಂದೆ ಅಕ್ಷರ ತಿದ್ದಲಾಗದು, ಆದ್ದರಿಂದ ಕರಡು ಮುಗಿದ ಮೇಲೆ ಮಾತ್ರ.

ಮುಖಪುಟಕ್ಕೆ ಬೇರೆ ಕಡತ. ಬೆನ್ನಿನ ದಪ್ಪ ತಿಳಿಯಲು ಹಾಳೆಗಳ ಸಂಖ್ಯೆಯನ್ನು ಕಾಗದದ ದಪ್ಪದಿಂದ ಗುಣಿಸಿ. 96 ಪುಟ ಅಂದರೆ 48 ಹಾಳೆ, 80 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ ಸುಮಾರು 0.1 ಮಿ.ಮೀ., ಅಲ್ಲಿಗೆ ಐದು ಮಿ.ಮೀ. ಹತ್ತಿರ. ಅಷ್ಟರಲ್ಲಿ ಹೆಸರು ಹಾಕಿದರೆ ಮಡಿಕೆ ತುಸು ಸರಿದರೂ ಅಕ್ಷರ ಮುಖಪುಟದ ಮೇಲೆ ಹತ್ತುತ್ತದೆ. ಖಾಲಿ ಬಿಡುವುದು ವಾಸಿ.

ಕೊನೆಗೆ ಸ್ಕ್ರೈಬಸ್‌ನ ‘ಕಲೆಕ್ಟ್ ಫಾರ್ ಔಟ್‌ಪುಟ್’, ಇನ್‌ಡಿಸೈನಿನ ‘ಪ್ಯಾಕೇಜ್’ ಬಳಸಿ ಚಿತ್ರ, ಫಾಂಟ್, ಕಡತ ಎಲ್ಲವನ್ನೂ ಒಂದು ಫೋಲ್ಡರಿಗೆ ಸೇರಿಸಿ, ಎರಡು ಕಡೆ ಪ್ರತಿ ಇಡಿ. ಪಿಡಿಎಫನ್ನು ಆ ಫಾಂಟುಗಳಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಪ್ರತಿ ಪುಟ ನೋಡಿ, ಆಮೇಲೆ ಪ್ರೆಸ್ಸಿಗೆ ಕಳಿಸಿ. ಅಲ್ಲಿಂದ ಬರುವ ಫಾರಮ್ಮಿನ ಕರಡಿನಲ್ಲಿ ನೋಡಬೇಕಾದದ್ದು ಪುಟಗಳ ಕ್ರಮ, ತಲೆಕೆಳಗಾದ ಪುಟ, ಬಿಟ್ಟುಹೋದ ಚಿತ್ರ. ಅಕ್ಷರ ತಿದ್ದುವ ಹಂತ ಅಷ್ಟರಲ್ಲಿ ಮುಗಿದಿರಬೇಕು, ಪ್ಲೇಟು ಬದಲಿಸಿದರೆ ಅದರ ಬಿಲ್ಲು ಸಮಿತಿಗೇ ಬರುತ್ತದೆ.